ಕೆಂಪು ಗಿಟಾರಿಗೆ ಬೆಸೆದ ಒಂದು ತಂತಿ

ಬ್ಯಾಂಡ್ ಮಾಸ್ತರನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವನ ಬಗ್ಗೆ ನ್ಯಾಯವಾಗಿ ಬರೆಯುವಷ್ಟು ದೊಡ್ಡ ಮನಸ್ಸು ಆಗಲೂ ನನಗಿರಲಿಲ್ಲ, ಈಗಲೂ ಇಲ್ಲ. ಅವನ ಅಗ್ಗದ ಎಲೆಕ್ಟ್ರಿಕ್ ಗಿಟಾರೊಂದನ್ನು ನಾನು ರಿಪೇರಿ ಮಾಡಿ ಒಳ್ಳೆಯ ಗಿಟಾರು ಮಾಡಿಕೊಟ್ಟೆ. ಹಾಗೆ ಒಳ್ಳೆಯದು ಮಾಡಿದ್ದರಿಂದಲೇ ಅದು ಒಬ್ಬ ಮನುಷ್ಯನ ಜೀವ ತೆಗೆಯುವ ಹಂತಕ್ಕೆ ಹೋಯಿತು. ಆ ಹಂತಕ್ಕೆ ತಂದವನು ನಾನು, ಅದು ಗೊತ್ತಿದ್ದೂ ಸುಮ್ಮನಿದ್ದವನು ಅವನು.

ಅರವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ವಿಜಾಪುರದ ಗಾಂಧಿ ಚೌಕದ ಹಿಂದಿನ ಓಣಿಯ ಒಂದು ರೇಡಿಯೊ ಅಂಗಡಿಯಲ್ಲಿ ನಾನು ರಿಪೇರಿ ಕೆಲಸಕ್ಕಿದ್ದೆ. ಮದುವೆಗಳಿಗೆ ಲೌಡ್‌ಸ್ಪೀಕರ್ ಬಾಡಿಗೆ ಕೊಡುವ ವ್ಯವಹಾರವೂ ಅಂಗಡಿಗಿತ್ತು. ಒಂದು ಮುಂಜಾನೆ ಮಾಸ್ತರ ಒಳಗೆ ಬಂದವನೇ, ನಾನು ಬಿಚ್ಚಿಟ್ಟಿದ್ದ ರೇಡಿಯೊವನ್ನು ಮೊಣಕೈಯಿಂದ ಸರಿಸಿ, ಅರಿವೆಯಲ್ಲಿ ಸುತ್ತಿದ್ದ ಕೆಂಪು ಗಿಟಾರನ್ನು ಮೇಜಿನ ಮೇಲೆ ಮಲಗಿಸಿದ. ರೇಡಿಯೊದ ಎರಡು ಸ್ಕ್ರೂ ಉರುಳಿ ಓಣಿಗೆ ಬಿದ್ದವು. ಅವನು ತಿರುಗಿಯೂ ನೋಡಲಿಲ್ಲ.

"ಮಿಸ್ತ್ರಿ, ಇದಕ ಬಾಯಿ ಬರಬೇಕು," ಎಂದ. "ಹೊನವಾಡದ ಮದಿವ್ಯಾಗ ಮಂದಿ ನಕ್ಕಾರ. ಎಣ್ಣಿ ಡಬ್ಬಿ ಬಡದಂಗ ಕೇಳತದ ಅಂದಾರ."

ನಕ್ಕ ಮಂದಿಯದು ತಪ್ಪೇನಿರಲಿಲ್ಲ. ಮುಂಬಯಿಯಿಂದ ತರಿಸಿದ್ದರೂ ಮಾಲು ಅಗ್ಗದ್ದು. ಒಡಲು ಪ್ಲೈವುಡ್ಡು. ತಂತಿ ಬಿಗಿಯುವ ಬಿರಡೆಗಳು ಒಂದು ಹಾಡು ಮುಗಿಯುವುದರೊಳಗೆ ಜಾರುತ್ತಿದ್ದವು. ಕುತ್ತಿಗೆಯ ತುದಿಯಲ್ಲಿ ತಂತಿಗಳನ್ನು ಹೊರುವ ಪಟ್ಟಿ ಮೆತ್ತನೆಯ ಪ್ಲಾಸ್ಟಿಕ್ಕು, ತಂತಿ ಅದರೊಳಗೆ ಹೂತುಹೋಗಿತ್ತು. ತಂತಿಯ ನಡುಕವನ್ನು ಕರೆಂಟು ಮಾಡಿ ಆಂಪ್ಲಿಫೈಯರಿಗೆ ಕಳಿಸಬೇಕಾದ ಪಿಕಪ್ಪಿನಲ್ಲಿ ಮ್ಯಾಗ್ನೆಟ್ಟು ಸೂಜಿಯನ್ನೂ ಎತ್ತುವಂತಿರಲಿಲ್ಲ. ಹೊರಗೆ ಮಾತ್ರ ಗಾಡಿ ಗಾಲಿಗೆ ಬಳಿಯುವಂಥ ಕೆಂಪು ಬಣ್ಣ ಥಳಥಳ ಹೊಳೆಯುತ್ತಿತ್ತು.

"ಇದನ್ನ ರಿಪೇರಿ ಮಾಡೂದಕಿಂತ ಹೊಸಾದು ತರೂದು ಚಲೋರಿ," ಎಂದೆ.

"ತರೂದು ಬಿಡೂದು ನನಗ ಬಿಡು. ನಿನಗ ಆಕ್ಕೈತೋ ಇಲ್ಲೋ ಅದನ್ನ ಹೇಳು."

ನನ್ನ ಬದಲು ಅಂಗಡಿಯ ಮಾಲಕರು ಉತ್ತರ ಕೊಟ್ಟರು. "ಆಕ್ಕೈತ್ರಿ ಮಾಸ್ತರ. ಯಾಕ ಆಗಂಗಿಲ್ಲ?" ಅವನು ಹೋದ ಮೇಲೆ ನನ್ನ ಕಡೆ ತಿರುಗಿ, "ಹದಿನೈದು ದಿವಸಕ್ಕ ತಿಕೋಟಾದಾಗ ದೊಡ್ಡ ಮನಿತನದ ಮದಿವಿ ಐತಿ. ಬ್ಯಾಂಡ್ ಅವರದು, ಲೌಡ್‌ಸ್ಪೀಕರ್ ನಮ್ಮದು. ಇದು ನುಡೀಲಿಲ್ಲಂದ್ರ ನೀ ಬ್ಯಾರೆ ಅಂಗಡಿ ನೋಡಕೋ," ಎಂದರು. ಅವರು ತಮಾಷೆಗೆ ಮಾತಾಡುವ ಮನುಷ್ಯರಲ್ಲ.

ಬಿರಡೆಗಳಿಂದ ಶುರು ಮಾಡಿದೆ. ಮಿರಜಿಗೆ ಹೋಗುವವರ ಕೈಯಲ್ಲಿ ಹೇಳಿಕಳಿಸಿ, ಮ್ಯಾಂಡೊಲಿನ್ನಿಗೆ ಹಾಕುವ ಹಲ್ಲಿನ ಬಿರಡೆಗಳನ್ನು ತರಿಸಿದೆ. ಅವುಗಳ ತೂತು ಇದರ ತೂತಿಗೆ ಕೂಡಲಿಲ್ಲ. ಹಳೆಯ ತೂತುಗಳಿಗೆ ಬೇವಿನ ಕಟ್ಟಿಗೆಯ ಬೆಣೆ ಬಡಿದು, ಸರೇಸಿನ ಅಂಟು ಹಚ್ಚಿ, ಒಣಗಿಸಿ, ಬೇರೆ ಕೊರೆದೆ. ಎರಡು ದಿನ ಹೋಯಿತು. ಮಾಸ್ತರ ದಿನಕ್ಕೊಮ್ಮೆ ಬಂದು ಬಾಗಿಲಲ್ಲಿ ನಿಂತು, "ಇನ್ನಾ ಬಡಿಗತನಾನ ನಡದದೇನು?" ಎಂದು ಕೇಳಿ ಹೋಗುತ್ತಿದ್ದ.

ತುದಿಯ ಪಟ್ಟಿಗೆ ಎಲುಬು ಒಳ್ಳೆಯದೆಂದು ನನಗೆ ಗೊತ್ತಿತ್ತು. ಗಟ್ಟಿ, ತಂತಿ ಕೊರೆಯುವುದಿಲ್ಲ, ನಾದ ತಿನ್ನುವುದಿಲ್ಲ. ಬಾಯಿ ತಪ್ಪಿ ಅದನ್ನು ಮಾಸ್ತರನೆದುರು ಆಡಿದೆ.

"ನಿನಗ ತಲಿ ಐತೇನು?" ಎಂದ. "ಆ ಮದಿವಿಗೆ ಸ್ವಾಮಿಗಳು ಬರಾವ್ರು. ಎಲುಬು ಹಚ್ಚಿದ ವಾದ್ಯ ಹಂದರದಾಗ ಒಯ್ಯಲೇನು? ನನ್ನ ಹೊಟ್ಟಿ ಮ್ಯಾಲ ಕಲ್ಲ ಹಾಕಬೇಕಂತ ಮಾಡೀಯೇನು?"

ಆ ಒಂದು ಮಾತಿನಲ್ಲಿ ಅವನದು ಸರಿಯಿತ್ತು. ಸರಿಯಿದ್ದದ್ದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಪಟ್ಟಿಗೆ ದಾರಿ ತೋರಿಸಿದವನು ಆ ಗಿಟಾರು ಬಾರಿಸುವವನು. ಬಬಲೇಶ್ವರದ ಒಕ್ಕಲಿನ ಮನೆಯವನು, ಮಾಸ್ತರನ ಬ್ಯಾಂಡಿನಲ್ಲಿ ಮೊದಲು ಬೆಂಜೊ ಬಾರಿಸುತ್ತಿದ್ದ. ಮಾತು ಕಡಿಮೆ, ಇದ್ದ ಮಾತೂ ಒರಟು. ಮರುದಿನ ಬಸ್ಸಿಳಿದು ಬಂದು ಹೆಬ್ಬೆರಳು ಗಾತ್ರದ ಕರಿಯ ಕೋಡಿನ ತುಂಡೊಂದನ್ನು ಮೇಜಿನ ಮೇಲಿಟ್ಟ.

"ನಮ್ಮ ಎತ್ತಿಂದು. ಕೋಡು ಕಣ್ಣಿಗೆ ತಿರಗಿತ್ತು, ತುದಿ ಕೊಯ್ಸಿದ್ವಿ. ಎತ್ತು ಇನ್ನಾ ಜೀವಂತ ಐತಿ, ಹೊಲದಾಗ ದುಡಿಯಾಕತ್ತದ. ಇದಕ ಯಾರೂ ಏನೂ ಅನ್ನಂಗಿಲ್ಲ."

ಕೋಡಿನ ತುದಿ ಒಳಗೆ ಪೊಳ್ಳಿರುವುದಿಲ್ಲ. ಗರಗಸದಿಂದ ಸೀಳಿ, ಅರ ಹಾಕಿ, ಆರು ಗೀರು ಕೊರೆದು, ಬಟ್ಟೆಯಿಂದ ತಿಕ್ಕಿದೆ. ಎಲುಬಿಗೆ ಸಮನಾಗಿ ಕೂತಿತು. ಚಲೋ ಆಯಿತೆಂದು ನಾನೂ ಅನ್ನಲಿಲ್ಲ, ಅವನೂ ಅನ್ನಲಿಲ್ಲ.

ನನ್ನ ಪ್ರಾಣ ತಿಂದದ್ದು ಪಿಕಪ್ಪು. ಮ್ಯಾಗ್ನೆಟ್ಟು ಕಷ್ಟವಾಗಲಿಲ್ಲ, ಕೆಟ್ಟ ಹೆಡ್‌ಫೋನುಗಳನ್ನು ಒಡೆದು ಗಟ್ಟಿಯಾದವನ್ನು ಆರಿಸಿಕೊಂಡೆ. ಅದರ ಸುತ್ತ ತಲೆಗೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಆರು ಸಾವಿರ ಸುತ್ತು ಸುತ್ತಬೇಕಿತ್ತು. ಕೈ ಡ್ರಿಲ್ಲನ್ನು ಮೇಜಿಗೆ ಬಿಗಿದು, ಅದರ ಬಾಯಿಗೆ ತಂತಿ ಸುತ್ತುವ ಖಾಲಿ ಸುರುಳಿ ಸಿಕ್ಕಿಸಿ, ಒಂದು ಕೈಯಿಂದ ತಿರುಗಿಸುತ್ತ ಇನ್ನೊಂದು ಕೈಯ ಎರಡು ಬೆರಳ ನಡುವೆ ತಂತಿ ಬಿಡುತ್ತ ಹೋದೆ. ನೂರು ಸುತ್ತಿಗೆ ಒಂದು ಹುಣಸೆ ಬೀಜ ಬಟ್ಟಲಿಗೆ. ಅರವತ್ತು ಬೀಜ ಆದರೆ ಮುಗಿಯಿತು. ನಲವತ್ತನೆಯ ಬೀಜಕ್ಕೆ ತಂತಿ ಹರಿಯಿತು. ಬಿಚ್ಚಿ ಮತ್ತೆ ಸುತ್ತಿದೆ. ಐವತ್ತೆರಡಕ್ಕೆ ಹರಿಯಿತು.

ಸರಿಯಾಗಿ ಆ ಹೊತ್ತಿಗೆ ಮಾಸ್ತರ ಬಂದ. ಬಟ್ಟಲು ನೋಡಿ, "ಬೀಜ ಹಿಡಕೊಂಡು ಚೌಕಾಬಾರಾ ಆಡಾಕತ್ತೀಯೇನು ಮಿಸ್ತ್ರಿ?" ಎಂದ. ನಾನು ಬಟ್ಟಲನ್ನು ಅವನ ಮುಖಕ್ಕೆ ಎಸೆಯಲಿಲ್ಲ. ಎಸೆಯದಿದ್ದದ್ದು ಒಳ್ಳೆಯತನಕ್ಕಲ್ಲ, ಮಾಲಕರು ಒಳಗೆ ಕೂತಿದ್ದರು.

ಎರಡು ಸಲ ಹರಿದ ಮೇಲೆ ಬುದ್ಧಿ ಬಂತು. ಸುರುಳಿಯ ಅಂಚಿಗೆ ಬೆರಳು ಸವರಿ ನೋಡಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಚೂಪು ಮುಳ್ಳು. ಅಂಚಿಗೆ ಕಾಗದ ಅಂಟಿಸಿ ಮೇಣ ಸವರಿದೆ. ಮೂರನೆಯ ಸಲ ಅರವತ್ತು ಬೀಜವೂ ಬಟ್ಟಲು ಸೇರಿದವು. ಸುರುಳಿಯನ್ನು ಕರಗಿಸಿದ ಮೇಣದಲ್ಲಿ ಮುಳುಗಿಸಿ ಆರಿಸಿ ಕೂಡಿಸಿದೆ. ಅಂಗಡಿಯ ಆಂಪ್ಲಿಫೈಯರಿಗೆ ಜೋಡಿಸಿ ಒಂದು ತಂತಿ ಮೀಟಿದಾಗ ನನ್ನ ಮೈ ಜುಮ್ಮೆಂದಿತು. ಅಷ್ಟು ತುಂಬಿದ ದನಿ. ಆದರೆ ಅದರ ಹಿಂದೆಯೇ ಗುಂಯ್ಯೆಂಬ ಒಂದು ಗುನುಗು. ಪಿಕಪ್ಪು ಗಟ್ಟಿಯಾದಂತೆ ಗುನುಗೂ ಗಟ್ಟಿಯಾಗಿತ್ತು.

ಚಹಾ ಪೆಟ್ಟಿಗೆಯೊಳಗಿನ ತೆಳು ತಗಡಿನ ಹಾಳೆ ತಂದು ಗಿಟಾರಿನ ಹೊಟ್ಟೆಯೊಳಗೆಲ್ಲ ಅಂಟಿಸಿದೆ. ಗುನುಗು ಅರ್ಧಕ್ಕಿಳಿಯಿತು. ಉಳಿದರ್ಧಕ್ಕೆ ಒಂದು ಗೇಣು ತಾಮ್ರದ ತಂತಿ ತೆಗೆದುಕೊಂಡು, ಬಾರಿಸುವ ತಂತಿಗಳನ್ನು ಹಿಡಿದಿರುವ ಲೋಹದ ಕುದುರೆಗೂ, ಆಂಪ್ಲಿಫೈಯರಿನ ಒಳಗೆ ಭಾಗಗಳನ್ನು ಕೂಡಿಸಿದ ಲೋಹದ ತಗಡಿಗೆ ಹೋಗುವ ತಂತಿಗೂ ನಡುವೆ ಬೆಸೆದೆ. ಗುನುಗು ನಿಂತೇಹೋಯಿತು. ಆಗ ನನಗಾದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಪುಸ್ತಕದಲ್ಲಿ ಓದಿ ಕಲಿತದ್ದಲ್ಲ, ನಾನೇ ತಡಕಾಡಿ ಕಂಡುಕೊಂಡದ್ದು.

ಬಬಲೇಶ್ವರದವನು ಬಂದು ಅರ್ಧ ತಾಸು ಬಾರಿಸಿದ. ಓಣಿಯ ಮಂದಿ ಬಾಗಿಲಿಗೆ ಬಂದು ನಿಂತರು. ಮಾಲಕರು ಎಲ್ಲರಿಗೂ ಚಹಾ ತರಿಸಿದರು, ನನಗೂ. ಮಾಸ್ತರ ಕೊನೆಯ ತನಕ ಕೇಳಿ, "ಹೂಂ, ಡಬ್ಬಿ ಅಲ್ಲ ಅನಸ್ತದ," ಎಂದು ಗಿಟಾರು ಸುತ್ತಿಸಿಕೊಂಡು ಹೊರಟ. ಯಾವ ಆಂಪ್ಲಿಫೈಯರಿಗೆ ಜೋಡಿಸುತ್ತೀರಿ ಎಂದು ನಾನು ಕೇಳಲಿಲ್ಲ. ಹೊಗಳಿಕೆ ಬರಲಿಲ್ಲವೆಂದು ಉರಿಯುತ್ತಿದ್ದ ಹೊಟ್ಟೆಗೆ ಅಂಥ ಪ್ರಶ್ನೆ ಹೊಳೆಯುವುದಿಲ್ಲ.

ಮದುವೆಗೆ ಎರಡು ದಿನ ಮುಂಚೆ ಬಬಲೇಶ್ವರದವನು ಒಬ್ಬನೇ ಗಿಟಾರು ಹಿಡಿದುಕೊಂಡು ಅಂಗಡಿಗೆ ಬಂದ.

"ತಂತಿ ಕಚ್ಚತಾವು," ಎಂದ.

"ಕಚ್ಚತಾವು ಅಂದ್ರ?"

"ಮೊಣಕೈ ತನಾ ಜುಮ್ ಅಂತದ. ನಿನ್ನೆ ಬಾರಸಾಕತ್ತಾಗ ಕೈ ಸೆಟದ ಹಿಡೀತು, ಕಿತ್ತಗೋಬೇಕಾತು. ಮಾಸ್ತರಿಗೆ ಹೇಳಿದೆ. ನೀ ಅಂಜತಿ, ಅದಕ ಹಂಗ ಅನಸ್ತದ ಅಂದ್ರು."

ಗಿಟಾರು ಇಸಿದುಕೊಂಡು ಅಂಗಡಿಯ ಆಂಪ್ಲಿಫೈಯರಿಗೆ ಜೋಡಿಸಿದೆ. ಆರೂ ತಂತಿಗಳನ್ನು ಅಂಗೈಯಲ್ಲಿ ಒತ್ತಿ ಹಿಡಿದೆ. ಏನೂ ಇಲ್ಲ. ಅವನ ಕೈಗೆ ಕೊಟ್ಟೆ. ಅವನಿಗೂ ಏನೂ ಆಗಲಿಲ್ಲ. ಅವನು ಗಿಟಾರನ್ನೂ ನನ್ನನ್ನೂ ಒಮ್ಮೆ ನೋಡಿದ.

"ತಂತಿ ಹೊಸಾವು, ನಿನ್ನ ಬೆರಳಿಗೆ ರೂಢಿ ಇಲ್ಲ," ಎಂದೆ. "ಕುಣೀಲಾರದಾಕಿ ನೆಲಾ ಡೊಂಕು ಅಂದಳಂತ. ನನ್ನ ಕೆಲಸದಾಗ ತಪ್ಪಿಲ್ಲ."

ಅವನು ಗಿಟಾರು ಸುತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಮದುವೆಯ ದಿನ ಬೆಳಗಿನ ಬಸ್ಸಿಗೆ ನಮ್ಮ ಲೌಡ್‌ಸ್ಪೀಕರ್ ಸಾಮಾನು ಹೇರಿಕೊಂಡು ತಿಕೋಟಾಕ್ಕೆ ಹೋದೆ. ಬೇಸಿಗೆ. ಮನೆಯ ಮುಂದೆ ದೊಡ್ಡ ಹಂದರ. ಧೂಳು ಏಳದಂತೆ ನೆಲಕ್ಕೆ ಕೊಡಗಟ್ಟಲೆ ನೀರು ಹೊಡೆದು ಸಗಣಿಯಿಂದ ಸಾರಿಸಿದ್ದರು, ಅಕ್ಕಿಕಾಳು ಹಾಕುವ ಮುಹೂರ್ತಕ್ಕೆ ಮುಂಚೆ ಇನ್ನೊಮ್ಮೆ ನೀರು ಚಿಮುಕಿಸಿದರು. ಸ್ವಾಮಿಗಳು ಗಾದಿಯ ಮೇಲೆ ಕೂತಿದ್ದರು. ಅವರು ಹಂದರದಲ್ಲಿರುವ ತನಕ ಯಾರೂ ಚಪ್ಪಲಿ ಮೆಟ್ಟಿ ಒಳಗೆ ಬರುವಂತಿಲ್ಲ. ಬೀಗರು, ಬ್ಯಾಂಡಿನವರು, ನಾನು, ಎಲ್ಲರೂ ಬರಿಗಾಲಲ್ಲಿದ್ದೆವು. ಮಾಸ್ತರನೊಬ್ಬ ಜರಿ ಪಟ್ಟಿಯ ಕೋಟು ತೊಟ್ಟು, ಯೂನಿಫಾರ್ಮಿನ ನೆವ ಹೇಳಿ, ಬೂಟುಗಾಲಲ್ಲಿ ಹಂದರದ ಅಂಚಿಗೆ ನಿಂತಿದ್ದ.

ಬ್ಯಾಂಡಿನವರು ಗಿಟಾರಿಗೆ ಜೋಡಿಸಲು ಒಂದು ಪೆಟ್ಟಿಗೆ ತಂದಿಟ್ಟರು. ನಾನು ಬಗ್ಗಿ ಅದರ ಬೆನ್ನು ನೋಡಿದೆ. ಅದು ಆಂಪ್ಲಿಫೈಯರಲ್ಲ, ಹಳೆಯ ರೇಡಿಯೊ, ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಂದ ಬೇರೆ ಇಡುವ ಟ್ರಾನ್ಸ್‌ಫಾರ್ಮರ್ ಇಲ್ಲದ ಅಗ್ಗದ ಜಾತಿಯದು. ಅಂಥ ರೇಡಿಯೊದಲ್ಲಿ ಗೋಡೆಯ ಕರೆಂಟಿನ ಎರಡು ತಂತಿಗಳಲ್ಲಿ ಒಂದು ನೇರವಾಗಿ ಒಳಗಿನ ತಗಡಿಗೇ ಕೂಡಿರುತ್ತದೆ. ಎರಡು ಕಾಲಿನ ಪಿನ್ನನ್ನು ಒಂದು ಕಡೆಯಿಂದ ಚುಚ್ಚಿದರೆ ತಗಡು ತಣ್ಣಗಿರುತ್ತದೆ, ತಿರುಗಿಸಿ ಚುಚ್ಚಿದರೆ ಆ ತಗಡಿನಲ್ಲಿ ಪೂರ್ತಿ ಕರೆಂಟು. ಕಟ್ಟಿಗೆಯ ಪೆಟ್ಟಿಗೆಯೊಳಗೆ ಇರುವ ತನಕ ಯಾರಿಗೂ ತೊಂದರೆಯಿಲ್ಲ. ನಾನು ಬೆಸೆದ ಒಂದು ಗೇಣು ತಾಮ್ರ ಆ ತಗಡನ್ನು ತಂದು ಬಾರಿಸುವವನ ಬೆರಳಿಗೆ ಮುಟ್ಟಿಸಿತ್ತು. ಗಿಟಾರು ಡಬ್ಬಿಯಂತೆ ನುಡಿಯುತ್ತಿದ್ದಾಗ ಅವನಿಗೆ ಯಾವ ಅಪಾಯವೂ ಇರಲಿಲ್ಲ.

ರೇಡಿಯೊ ಹಚ್ಚಿದ್ದರು. ಬಬಲೇಶ್ವರದವನು ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಗಿಟಾರನ್ನು ಇನ್ನೂ ಕೊರಳಿಗೆ ಹಾಕಿಕೊಳ್ಳದೆ ಅದರ ಕಡೆ ನೋಡುತ್ತಿದ್ದ.

"ಮುಟ್ಟಬ್ಯಾಡ," ಎಂದೆ.

ನನ್ನ ಚೀಲದಲ್ಲಿ ಹೋಲ್ಡರಿಗೆ ಸಿಕ್ಕಿಸಿದ ಸಣ್ಣ ಬಲ್ಬು ಇತ್ತು, ಎರಡು ತಂತಿ ಹೊರಗೆ ಬಿಟ್ಟದ್ದು. ಒಂದನ್ನು ಹಂದರದ ಹಗ್ಗಕ್ಕೆ ಹೊಡೆದ ಕಬ್ಬಿಣದ ಗೂಟಕ್ಕೆ ಸುತ್ತಿ, ಇನ್ನೊಂದನ್ನು ಗಿಟಾರಿನ ತಂತಿಗೆ ಮುಟ್ಟಿಸಿದೆ. ಹಾಡುಹಗಲಲ್ಲಿ ಬಲ್ಬು ಕೆಂಪಗೆ ಹೊತ್ತಿತು. ಬಬಲೇಶ್ವರದವನು ಬಲ್ಬು ನೋಡಿದ, ಆಮೇಲೆ ತನ್ನ ಕೈ ನೋಡಿಕೊಂಡ.

ಮಾಸ್ತರ ಬಂದ. "ಏನ ಹಚ್ಚೀ ಇಲ್ಲಿ?"

"ತಂತ್ಯಾಗ ಕರೆಂಟ್ ಐತ್ರಿ. ಇವ ಇದನ್ನ ಮುಟ್ಟಿದ್ರ ಸಾಯ್ತಾನ."

"ಇಷ್ಟಕ್ಯಾಕ ಗದ್ದಲಾ?" ಅವನ ದನಿಯಲ್ಲಿ ಆಶ್ಚರ್ಯವೇ ಇರಲಿಲ್ಲ. "ಪಿನ್ ತಿರುವಿ ಹಾಕು, ಕಚ್ಚೂದು ನಿಲ್ತದ. ಮನಿಯಾಗ ನಾವು ಹಂಗ ಮಾಡ್ತೀವಿ."

ಅಂದರೆ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬಾರಿಸುವವನಿಗೆ ನೀನು ಅಂಜುತ್ತೀ ಎಂದಿದ್ದ. ಅಷ್ಟು ಹೊತ್ತು ನನಗೆ ಅವನ ಮೇಲೆ ಇದ್ದದ್ದು ಬರೀ ಸಿಟ್ಟು. ಆ ಮಾತು ಕೇಳಿದ ಮೇಲೆ ಹೇಸಿಗೆಯಾಯಿತು.

ಪಿನ್ನು ತಿರುಗಿಸಿ ನೋಡಿದೆ. ಬಲ್ಬು ಆರಿತು. ಆದರೆ ಅದೇ ಕರೆಂಟಿನ ಹಲಗೆಯ ಮೇಲೆ ಮನೆಯವರ ಟೇಬಲ್ ಫ್ಯಾನಿನ ಪಿನ್ನೂ ಇತ್ತು. ನಾನು ನೋಡುತ್ತಿದ್ದಂತೆಯೇ ಮನೆಯವರು ಸ್ವಾಮಿಗಳ ಕಡೆ ಗಾಳಿ ತಿರುಗಿಸಲು ಬಂದು ಎರಡೂ ಪಿನ್ನು ಕಿತ್ತು ಕೈಗೆ ಬಂದಂತೆ ಚುಚ್ಚಿ ಹೋದರು. ಮತ್ತೆ ಮುಟ್ಟಿಸಿದೆ. ಬಲ್ಬು ಹೊತ್ತಿತು. ಈ ಊರಿನಲ್ಲಿ ಕಾವಲು ಕೂತರೂ ನಾಳೆ ಇನ್ನೊಂದು ಊರು, ಇನ್ನೊಂದು ಹಂದರ.

"ಗಿಟಾರು ನಮ್ಮ ಲೌಡ್‌ಸ್ಪೀಕರಿಗೆ ಜೋಡಸ್ತೀನಿ. ಅದರಾಗ ಟ್ರಾನ್ಸ್‌ಫಾರ್ಮರ್ ಐತಿ, ಭಯಾ ಇಲ್ಲ," ಎಂದೆ.

"ನನ್ನ ಬ್ಯಾಂಡ್ ನಿಮ್ಮ ಅಂಗಡಿ ಬಾಲಾ ಹಿಡಕೊಂಡು ನುಡೀಬೇಕೇನು? ನಾಳೆ ಮಂದಿ ಏನಂತಾರ?"

ಗದ್ದಲ ಕೇಳಿ ಮನೆಯ ಯಜಮಾನರು ಬಂದರು. ಮಾಸ್ತರ ಅವರೆದುರಿಗೇ ಬಬಲೇಶ್ವರದವನನ್ನು ಕೇಳಿದ. "ಯಜಮಾನ್ರ ಮುಂದ ಖರೆ ಹೇಳಲೇ. ತಂತಿ ಕಚ್ಚತಾವೇನು?"

ಅವನು ನೆಲ ನೋಡಿದ. ನನ್ನನ್ನು ನೋಡಲಿಲ್ಲ. "ಇಲ್ರಿ," ಎಂದ.

ಯಜಮಾನರು ನನ್ನ ಕಡೆ ತಿರುಗಿದರು. ಆಗ ನನ್ನ ಬಾಯಿಂದ ಬಂದ ಮಾತು ಯೋಚಿಸಿ ಆಡಿದ್ದಲ್ಲ.

"ಮಾಸ್ತರ, ಬೂಟ ತಗೀರಿ. ಈ ನೆಲದ ಮ್ಯಾಲ ಬರಿಗಾಲಾಗ ನಿಂತು ತಂತಿ ಹಿಡೀರಿ. ಹಿಡದ್ರ ನಾ ನಿಮ್ಮ ಕಾಲ ಬಿದ್ದು ಹೋಕ್ಕೀನಿ."

ಮಾಸ್ತರ ತನ್ನ ಬೂಟು ನೋಡಿಕೊಂಡ. ಗಿಟಾರಿನ ಕಡೆ ನೋಡಲಿಲ್ಲ.

"ಯೂನಿಫಾರ್ಮಿನ್ಯಾಗ ಬೂಟ ತಗಿಯೂದು ನಮ್ಮಲ್ಲಿ ಪದ್ಧತಿ ಇಲ್ಲ," ಎಂದ.

ನಾನು ರೇಡಿಯೊದ ಪಿನ್ನು ಕಿತ್ತೆ. ಗಿಟಾರಿನ ಬೆನ್ನ ಹಿಂದಿನ ಮುಚ್ಚಳ ಬಿಚ್ಚಿ, ಇಕ್ಕಳದಿಂದ ಆ ತಾಮ್ರದ ತಂತಿಯನ್ನು ಎರಡೂ ತುದಿಗೆ ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ತಂತಿಗಳನ್ನು ಬಿಟ್ಟು ಹೊರಗೆ ಕಾಣುವ ಲೋಹಕ್ಕೆಲ್ಲ ಸೈಕಲ್ ಟ್ಯೂಬಿನ ತುಂಡು ಸುತ್ತಿದೆ. ಮತ್ತೆ ಪಿನ್ನು ಹಾಕಿ, ತಿರುಗಿಸಿಯೂ ಹಾಕಿ, ಎರಡು ಸಲವೂ ಬಲ್ಬು ಮುಟ್ಟಿಸಿ ನೋಡಿದೆ. ಹೊತ್ತಲಿಲ್ಲ. ಆಮೇಲೆ ಬರಿಗಾಲಲ್ಲಿ ಹಸಿ ನೆಲದ ಮೇಲೆ ನಿಂತು ನಾನೇ ತಂತಿ ಹಿಡಿದೆ. ಹೆದರಿಕೆಯಾಗಿತ್ತು, ಆದರೂ ಹಿಡಿದೆ. ಏನೂ ಆಗಲಿಲ್ಲ.

ಬಬಲೇಶ್ವರದವನು ಬಾರಿಸಿದ. ಬೀಗರ ಊಟ ಮುಗಿಯುವ ತನಕ ಹಾಡಿನ ಜೊತೆ ಆ ಗುಂಯ್‌ಗುಟ್ಟುವಿಕೆ ಹಂದರ ತುಂಬಿತ್ತು. ಪಂಕ್ತಿಯಲ್ಲಿ ಕೂತವರು, "ಯಾರರ ಗಿರಣಿ ಹಚ್ಚ್ಯಾರೇನು?" ಎಂದು ನಕ್ಕರು. ಮಾಸ್ತರ ಪ್ರತಿ ಪಂಕ್ತಿಗೂ ಹೋಗಿ, ಇದು ಅಂಗಡಿಯ ಮಿಸ್ತ್ರಿ ಮಾಡಿದ ರಿಪೇರಿ ಎಂದು ನನ್ನ ಕಡೆ ಬೆರಳು ಮಾಡಿ ತೋರಿಸಿದ. ದಿನಗಟ್ಟಲೆ ಕಣ್ಣು ಕಳಕೊಂಡು ಮಾಡಿದ ಕೆಲಸಕ್ಕೆ ಊರೆಲ್ಲ ನಗುವುದನ್ನು ನಾನು ಲೌಡ್‌ಸ್ಪೀಕರಿನ ಪಕ್ಕ ಕೂತು ಕೇಳಿದೆ.

ಮರುದಿನ ಮಾಲಕರು, ಹೋಗಿ ಮಾಸ್ತರನಲ್ಲಿ ತಪ್ಪಾಯಿತು ಅನ್ನು ಎಂದರು. ನಾನು ಅನ್ನಲಿಲ್ಲ. ಸಂಜೆಯ ಹೊತ್ತಿಗೆ ನನ್ನ ಇಕ್ಕಳ, ಬೆಸುಗೆ ಕಡ್ಡಿ ಗಂಟು ಕಟ್ಟಿಕೊಂಡು ಅಂಗಡಿ ಬಿಟ್ಟೆ. ಮುಂದೆ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ ಹಿಡಿದೆ. ಮಾಸ್ತರ ಚೌಕದ ಬೇರೆ ಅಂಗಡಿಗಳಿಗೆ ಗಿಟಾರು ಹೊತ್ತುಕೊಂಡು ತಿರುಗುತ್ತಿದ್ದಾನೆಂದು ಸುದ್ದಿ ಬಂತು. ಅಲ್ಲಿನ ಒಬ್ಬೊಬ್ಬ ಮಿಸ್ತ್ರಿಯ ಬಳಿಯೂ ಹೋಗಿ, ಆ ರೇಡಿಯೊ ಇರುವ ತನಕ ಕುದುರೆಗೆ ತಂತಿ ಬೆಸೆಯಬೇಡಿ ಎಂದು ಹೇಳಿಬಂದೆ. ಅವರಲ್ಲಿ ಇಬ್ಬರ ಜೊತೆ ನನಗೆ ಮಾತೇ ಇರಲಿಲ್ಲ. ಅವರೂ ಬೆಸೆಯಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಬಬಲೇಶ್ವರದ ಬಸ್ಸಿನಲ್ಲಿ ಗಿಟಾರು ಬಾರಿಸುತ್ತಿದ್ದವನು ಸಿಕ್ಕ. ಬ್ಯಾಂಡು ಬಿಟ್ಟು ಒಕ್ಕಲುತನಕ್ಕೆ ಮರಳಿದ್ದ. ನನ್ನ ಪಕ್ಕದಲ್ಲಿ ಜಾಗವಿತ್ತು, ಕೂತ. ಅಂದು ನೀನು ಯಾಕೆ ಸುಳ್ಳು ಹೇಳಿದೆ ಎಂದು ಕೇಳುವುದಿತ್ತು ನನಗೆ, ವರ್ಷವೆಲ್ಲ ಆ ಮಾತನ್ನು ಮಸೆದಿಟ್ಟುಕೊಂಡಿದ್ದೆ. ಕೇಳಿಯೇಬಿಟ್ಟೆ.

"ಮಾಸ್ತರನ ಬೂಟು ನೋಡಿದ ಮ್ಯಾಲೂ ನಿನಗ ಬಾಯಿ ಬರಲಿಲ್ಲಲ್ಲ," ಎಂದೂ ಸೇರಿಸಿದೆ.

ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. "ಮಾಸ್ತರಿಗೆ ಹೇಳಿದ್ದೆ, ಅಂಜತಿ ಅಂದ್ರು. ನಿಮಗ ಹೇಳಿದ್ದೆ, ನೆಲಾ ಡೊಂಕು ಅಂದ್ರಿ. ಮೂರನೇದವರಿಗೆ ಹೇಳಿ ಏನಾಗೂದಿತ್ತು ಅಂತ ಸುಮ್ಮನಾದೆ." ನನ್ನ ಕಡೆ ತಿರುಗಿ, "ಅವರ ಬೂಟ ಹೋಗಲಿ. ನಾ ಬಂದು ಹೇಳಿದ ದಿವಸ ನಿಮ್ಮ ಕಾಲಾಗ ಏನಿತ್ತು?" ಎಂದ.

ಅಂಗಡಿಯ ಆಂಪ್ಲಿಫೈಯರಿನಲ್ಲಿ ಟ್ರಾನ್ಸ್‌ಫಾರ್ಮರ್ ಇತ್ತು. ನಾನು ಬರಿಗಾಲಲ್ಲಿ ನಿಂತಿದ್ದರೂ ಅಂದು ಏನೂ ತಿಳಿಯುತ್ತಿರಲಿಲ್ಲ. ಅದನ್ನು ಅವನಿಗೆ ಬಿಡಿಸಿ ಹೇಳಬಹುದಿತ್ತು, ಕೆಲಸ ಬಲ್ಲವನ ಮಾತು, ತಪ್ಪಿಲ್ಲದ ಮಾತು.

"ಟೈರಿನ ಚಪ್ಪಲಿ," ಎಂದೆ.

ಅವನು ತಲೆಯಾಡಿಸಿದ. ಬಬಲೇಶ್ವರ ಬಂದಾಗ ಇಳಿದು ಹೊಲದ ದಾರಿ ಹಿಡಿದ.